ಬಡಿಸುವ ಕೆಲಸಕ್ಕೆ ಏಳು ಜನ

ಕೇಳುಗರಿಗೆ ನಮಸ್ಕಾರ. ಗುಡ್ ಫ್ರೈಡೇಗೆ ಮುಂಚಿನ ಗುರುವಾರ ನಮ್ಮ ಕರಾವಳಿಯ ಕಥೋಲಿಕ ಚರ್ಚುಗಳಲ್ಲಿ ಪಾದ್ರಿಗಳು ಊರವರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ. ಮೊದಲು ಗಂಡಸರಿಗೆ ಮಾತ್ರ ಅಂತ ನಿಯಮವಿತ್ತು, 2016ರಲ್ಲಿ ಪೋಪ್ ಫ್ರಾನ್ಸಿಸ್ ಹೆಂಗಸರನ್ನೂ ಸೇರಿಸಿದರು. ನನಗೆ ತುಂಬ ಹಿಡಿಸುವ ಆಚರಣೆ ಇದು. ಆದರೆ ಮುಂದಾಳು ನಿಜಕ್ಕೂ ಸೇವಕನೋ ಅಲ್ಲವೋ ತಿಳಿಯಬೇಕಾದರೆ ಊಟ ನೋಡಬೇಕು, ಲೆಕ್ಕ ನೋಡಬೇಕು. ಬೈಬಲೂ ಹಾಗೇ ನೋಡುತ್ತದೆ.

ಯೆರೂಸಲೇಮಿನ ಮೊದಲ ಕ್ರೈಸ್ತ ಸಭೆಯಲ್ಲಿ ವಿಧವೆಯರಿಗೆ ದಿನಾ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ಅವರ ಕಡೆಯವರು ಗೊಣಗಿದರು. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕೊಂಕಣಿಯವರಿದ್ದಾರೆ, ಕನ್ನಡದವರಿದ್ದಾರೆ, ಕೈಗಾ ಅಣುಸ್ಥಾವರಕ್ಕೋ ನೌಕಾನೆಲೆಗೋ ಕೆಲಸಕ್ಕೆ ಬಂದ ಹೊರ ರಾಜ್ಯದವರಿದ್ದಾರೆ. ಚರ್ಚಿನಲ್ಲಿ ಯಾರ ಭಾಷೆಯಲ್ಲಿ ಬಲಿಪೂಜೆ, ಕಮಿಟಿಯಲ್ಲಿ ಯಾರು, ಫೆಸ್ತಿನ, ಅಂದರೆ ಚರ್ಚಿನ ಹಬ್ಬದ ದಿನ ಯಾರನ್ನು ಕರೆಯಲು ಮರೆತರು ಅನ್ನುವ ಮಾತು ಎಲ್ಲಾದರೂ ಎದ್ದೇ ಏಳುತ್ತದೆ. ದೇವಸ್ಥಾನದ ಕಮಿಟಿ, ಮಸೀದಿಯ ಜಮಾತ್ ನಡೆಸುವವರಿಗೂ ಇದು ಗೊತ್ತಿರುವ ತಲೆನೋವೇ ಅಲ್ವಾ?

ಯೆರೂಸಲೇಮಿನಲ್ಲಿ ಆ ಗೊಣಗಾಟ ಎದ್ದಾಗ ಹನ್ನೆರಡು ಪ್ರೇಷಿತರು, ಅಂದರೆ ಸಭೆಯ ಮುಂದಾಳುಗಳಾಗಿದ್ದ ಯೇಸುವಿನ ಶಿಷ್ಯರು, ದೂರು ಹೇಳಿದವರ ಬಾಯಿ ಮುಚ್ಚಿಸಲಿಲ್ಲ. ಎಲ್ಲರನ್ನೂ ಕರೆದು, ಒಳ್ಳೆಯ ಹೆಸರಿರುವ ಏಳು ಜನರನ್ನು ನೀವೇ ಆರಿಸಿ, ಈ ಕೆಲಸ ಅವರಿಗೆ ವಹಿಸುತ್ತೇವೆ ಅಂದರು. ಸ್ತೆಫನ, ಫಿಲಿಪ್ಪ, ನಿಕಾನೋರ, ಹೀಗೆ ಆರಿಸಿ ಬಂದ ಏಳೂ ಜನರದ್ದು ಗ್ರೀಕ್ ಹೆಸರು. ಅಂದರೆ ಹಂಚುವ ಅಧಿಕಾರ ದೂರು ಕೊಟ್ಟವರ ಕೈಗೇ ಹೋಯಿತು ಅಂತ ನಾನು ತಿಳಿದುಕೊಂಡಿದ್ದೇನೆ. ಕಾಲು ತೊಳೆಯುವುದಕ್ಕಿಂತ ಇದು ಕಷ್ಟ.

ಇನ್ನು ಲೆಕ್ಕದ ವಿಷಯಕ್ಕೆ ಬೈಬಲಿನ ಹಳೆ ಒಡಂಬಡಿಕೆಯ ನೆಹೆಮೀಯ. ಪರ್ಷಿಯದ ರಾಜನ ಕೈಕೆಳಗೆ ಯೂದಾಯದ ರಾಜ್ಯಪಾಲನಾಗಿದ್ದ. ಹಿಂದಿನ ರಾಜ್ಯಪಾಲರು ಜನರಿಂದ ರೊಟ್ಟಿ, ದ್ರಾಕ್ಷಾರಸದ ಜೊತೆ 40 ಶೆಕೆಲ್ ಬೆಳ್ಳಿಯನ್ನೂ ವಸೂಲು ಮಾಡುತ್ತಿದ್ದರು. ಇವನು 12 ವರ್ಷ ಆ ಭತ್ಯೆ ಮುಟ್ಟಲಿಲ್ಲ, ಜಮೀನು ಕೊಳ್ಳಲಿಲ್ಲ, ತನ್ನ ಆಳುಗಳ ಸಮೇತ ಯೆರೂಸಲೇಮಿನ ಗೋಡೆ ಕಟ್ಟುವ ಕೆಲಸಕ್ಕೆ ನಿಂತ. ಹೊಲ ಅಡವಿಟ್ಟು, ಮಕ್ಕಳನ್ನು ಜೀತಕ್ಕೆ ಕಳಿಸಿದ ಬಡವರ ಕೂಗು ಕೇಳಿ, ಸಾಹುಕಾರರನ್ನು ಸಭೆಯಲ್ಲಿ ನಿಲ್ಲಿಸಿ ಹೊಲ ವಾಪಸ್ ಕೊಡಲು ಒಪ್ಪಿಸಿದ. ಸಾಲ ಕೊಟ್ಟವರಲ್ಲಿ ತಾನೂ ಒಬ್ಬ ಅಂತ ಅದೇ ಸಭೆಯಲ್ಲಿ ಹೇಳಿಕೊಂಡ. ಆ ಒಂದು ಮಾತಿಗೇ ಅವನ ಮೇಲೆ ನನಗೆ ಗೌರವ ಜಾಸ್ತಿ.

ಮುಂದಿನ ಫೆಸ್ತಿಗೋ ಜಾತ್ರೆಗೋ ಕಮಿಟಿ ಕೂತಾಗ, ಹೋದ ವರ್ಷ ದೂರು ಹೇಳಿದ ಒಬ್ಬರನ್ನು, ಸಾಧ್ಯವಾದರೆ ಮೀನು ಮಾರುವ ಅಕ್ಕಂದಿರಲ್ಲಿ ಒಬ್ಬರನ್ನು, ಖಜಾಂಚಿಯ ಪಕ್ಕ ಕೂರಿಸಿ. ಸುಮ್ನೆ ಕೂರಿಸುವುದಲ್ಲ, ಲೆಕ್ಕದ ಪುಸ್ತಕ ಅವರ ಕೈಗೆ ಕೊಡಿ. ನಮಸ್ಕಾರ.