ಚಂದ್ರನ ಪಾಠ, ಪ್ರೊಜೆಕ್ಟರ್ ಮತ್ತು ಒಂದು ಚೆಂಡು

ನಮಸ್ಕಾರ. ನೀವು ಈಗ ನೋಡುತ್ತಿರುವುದು ನಾಳೆಯ ವಿಜ್ಞಾನ ಪಾಠದ ತಯಾರಿ. ಚಂದ್ರ ದಿನಾ ಒಂದೊಂದು ಆಕಾರದಲ್ಲಿ ಯಾಕೆ ಕಾಣುತ್ತಾನೆ ಅನ್ನುವುದೇ ವಿಷಯ. ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್, ಸ್ಪೀಕರ್ ಜೋಡಿಸುವುದನ್ನು ನಾನಿಲ್ಲಿ ತೋರಿಸುವುದಿಲ್ಲ. ಅದನ್ನು ಯಾರಾದರೂ ಒಮ್ಮೆ ಹೇಳಿಕೊಟ್ಟರೆ ಸಾಕು. ನನಗೆ ಕಲಿಯಲು ಜಾಸ್ತಿ ಸಮಯ ಹಿಡಿದದ್ದು ಬೇರೆ: ಸ್ಕ್ರೀನ್ ಮೇಲೆ ಏನು ಹಾಕಬೇಕು, ಯಾವಾಗ ತೆಗೆಯಬೇಕು.

ಎಲ್ಲ ಪಾಠಕ್ಕೂ ವಿಡಿಯೊ ಬೇಕಿಲ್ಲ. ಇದಕ್ಕೆ ಬೇಕು. ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣದಾಗುತ್ತಾನೆ ಅಂತ ತುಂಬಾ ಮಕ್ಕಳು ನಂಬಿರುತ್ತಾರೆ. ದೊಡ್ಡವರೂ ಅಷ್ಟೇ! ಆ ನೆರಳು ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಚಂದ್ರನ ಅರ್ಧ ಭಾಗ ಬಿಸಿಲಿನಲ್ಲೇ ಇರುತ್ತದೆ. ಆ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ ಅನ್ನುವುದು ಬದಲಾಗುತ್ತಾ ಹೋಗುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ. ಬೋರ್ಡ್ ಮೇಲೆ ವೃತ್ತ ಬರೆದು ಇದನ್ನು ಹೇಳಿ ನೋಡಿ, ಅರ್ಧ ತರಗತಿ ಸುಮ್ನೆ ತಲೆಯಾಡಿಸುತ್ತದೆ.

ಈಗ ಈ ಅನಿಮೇಷನ್ ನೋಡಿ. ಎಡಗಡೆ, ಮೇಲಿನಿಂದ ನೋಡಿದಂತೆ, ಚಂದ್ರ ಭೂಮಿಯನ್ನು ಸುತ್ತುತ್ತಿದ್ದಾನೆ. ಬಲಗಡೆ, ಅದೇ ಹೊತ್ತಿನಲ್ಲಿ ಭೂಮಿಯಿಂದ ಕಾಣುವ ಚಂದ್ರ. ಎರಡೂ ಒಟ್ಟಿಗೇ ಇರಬೇಕು. ಇದೊಂದು ಸ್ಲೈಡು, ಅದೊಂದು ಸ್ಲೈಡು ಅಂತ ಮಾಡಿದರೆ ಮೊದಲನೆಯದನ್ನು ನೆನಪಿಟ್ಟುಕೊಳ್ಳುವುದರಲ್ಲೇ ಮಕ್ಕಳು ಸುಸ್ತು.

ಕೆಳಗೆ ಪೂರ್ತಿ ವಿವರಣೆ ಬರೆದಿತ್ತು, ತೆಗೆದೆ. ಹಿನ್ನೆಲೆ ಸಂಗೀತವನ್ನೂ ತೆಗೆದೆ. ರಿಚರ್ಡ್ ಮೇಯರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಥದ್ದರ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ. ಚಿತ್ರದ ಜೊತೆ ಮಾತಿದ್ದರೆ ಚೆನ್ನಾಗಿ ಅರ್ಥವಾಗುತ್ತದೆ. ಅದೇ ಮಾತನ್ನು ಅಕ್ಷರದಲ್ಲೂ ತುಂಬಿದರೆ ಎಷ್ಟೋ ಸಲ ತೊಡಕಾಗುತ್ತದೆ. ಓದುವುದೂ ಕಣ್ಣೇ, ಚಿತ್ರ ನೋಡುವುದೂ ಕಣ್ಣೇ ಅಲ್ವಾ? ಆದರೆ ಕಿವಿ ಸರಿಯಾಗಿ ಕೇಳಿಸದ ಮಗು ಅಥವಾ ಪಾಠದ ಭಾಷೆ ಹೊಸದಾಗಿರುವ ಮಗು ಇದ್ದರೆ ಸಬ್‌ಟೈಟಲ್ ಇರಲೇಬೇಕು. ಅಲ್ಲಿ ನಾನು ಮೇಯರ್ ಮಾತನ್ನು ಪಕ್ಕಕ್ಕಿಡುತ್ತೇನೆ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ನಡೆಯುವಾಗ ಕೀಬೋರ್ಡಿನ ‘ಬಿ’ ಒತ್ತಿದರೆ ಸ್ಕ್ರೀನ್ ಕಪ್ಪಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಮತ್ತೆ ಬರುತ್ತದೆ. ಅನಿಮೇಷನ್ ಸ್ವಲ್ಪ ಓಡಿಸಿ, ನಿಲ್ಲಿಸಿ, ‘ಬಿ’ ಒತ್ತುತ್ತೇನೆ. ಅರ್ಧ ಚಂದ್ರ ಕಾಣಬೇಕಾದರೆ ಚಂದ್ರ ಎಲ್ಲಿರಬೇಕು? ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಡಿ. ಉತ್ತರ ಎದುರಿಗೇ ಇದ್ದರೆ ಯಾರು ಯೋಚಿಸುತ್ತಾರೆ ಹೇಳಿ.

ಆಮೇಲೆ ಈ ಬಿಳಿ ಚೆಂಡು, ಈ ಟಾರ್ಚು. ಕತ್ತಲೆ ಕೋಣೆಯಲ್ಲಿ ಒಬ್ಬರು ಟಾರ್ಚ್ ಹಿಡಿದಿರುತ್ತಾರೆ. ಇನ್ನೊಬ್ಬರು ಕೈ ಚಾಚಿ ಚೆಂಡು ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗುತ್ತಾರೆ. ಅವರ ತಲೆಯೇ ಭೂಮಿ. ಚೆಂಡನ್ನು ತಲೆಗಿಂತ ಸ್ವಲ್ಪ ಎತ್ತರಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ತಲೆಯ ನೆರಳು ಬಿದ್ದು ಗ್ರಹಣವಾಗಿಬಿಡುತ್ತದೆ. ಒಮ್ಮೆ ಬೇಕೆಂದೇ ಕೆಳಗೆ ಹಿಡಿಸಿ ಅದನ್ನೂ ತೋರಿಸಬಹುದು.

ಸಿನಿಮಾ ಬಂದ ಮೇಲೆ ಶಾಲೆಯಲ್ಲಿ ಪುಸ್ತಕವೇ ಬೇಕಾಗುವುದಿಲ್ಲ ಅಂತ 1913ರಲ್ಲಿ ಥಾಮಸ್ ಎಡಿಸನ್ ಹೇಳಿದ್ದರು. ನನ್ನ ಮೇಜು ನೋಡಿ: ಪುಸ್ತಕ ಇದೆ, ಚೆಂಡೂ ಇದೆ.

ವಿಡಿಯೊವನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೇನೆ, ನೆಟ್ ನಂಬುವುದಿಲ್ಲ. ಚೆಂಡಿನ ಆಟ ಮುಗಿದ ಮೇಲೆ ಇದೇ ಅನಿಮೇಷನ್ ಮತ್ತೆ ಹಾಕುತ್ತೇನೆ, ಸೌಂಡ್ ಮ್ಯೂಟ್ ಮಾಡಿ. ಈ ಸಲ ವಿವರಣೆ ಮಕ್ಕಳದ್ದು. ಎಡಗಡೆಗೆ ಒಬ್ಬರು, ಬಲಗಡೆಗೆ ಒಬ್ಬರು. ಎಲ್ಲಿ ತಡವರಿಸುತ್ತಾರೋ ಅಲ್ಲಿಗೆ ನಿಲ್ಲಿಸಿ, ಅಷ್ಟು ಭಾಗವನ್ನು ಇನ್ನೊಮ್ಮೆ ಚೆಂಡಿನಲ್ಲಿ ಮಾಡಿಸುತ್ತೇನೆ.