ಹಂಚಿನ ಮಾಡು ಮತ್ತು ನನ್ನ ಸ್ವಿಂಗ್

ಟಕ್ ಅಂತ ಕೇಳಿಸ್ತಲ್ಲ, ಅದು ನನ್ನ ಗಾಲ್ಫ್ ಚೆಂಡು ಸಿಲ್ವರ್ ಓಕ್ ಮರಕ್ಕೆ ಬಡಿದ ಸದ್ದು. ನಾನು ಹೊಡೆದದ್ದು ನೇರಕ್ಕೇ. ಅರ್ಧ ದಾರಿ ಮರ್ಯಾದೆಯಿಂದ ಹೋಗಿ, ಆಮೇಲೆ ಯಾರೋ ಕರೆದ ಹಾಗೆ ಬಲಕ್ಕೆ ತಿರುಗಿ ತೋಟಕ್ಕೆ ಇಳೀತು. ಇವತ್ತಿನ ನಾಲ್ಕನೇ ಚೆಂಡು. ಕಾಫಿ ಗಿಡದ ಬುಡದಲ್ಲಿ ಹುಡುಕೋಕೆ ಹೋದರೆ ಜಿಗಣೆ ಸಿಗುತ್ತೆ, ಚೆಂಡು ಸಿಗಲ್ಲ.

ಇದಕ್ಕೆ ಸ್ಲೈಸ್ ಅಂತಾರೆ. ನಾಲ್ಕು ತಿಂಗಳು ಹಿಡಿತ ಬದಲಾಯಿಸಿದೆ, ನಿಲ್ಲೋ ರೀತಿ ಬದಲಾಯಿಸಿದೆ, ಕೊನೆಗೆ ಚೆಂಡಿನ ಬ್ರ್ಯಾಂಡನ್ನೂ ಬಿಡಲಿಲ್ಲ. ಕೊಡಗಿನ ಬಿಟ್ಟಂಗಾಲದ ಗಾಲ್ಫ್ ಮೈದಾನದಲ್ಲಿ ನಾನು ಆಡೋದನ್ನ ನೋಡಿದ ಮಾವ ಒಂದೇ ಮಾತು ಹೇಳಿದ್ರು: "ನೀನು ಇನ್ನೂ ಹಾಕಿ ಆಡ್ತಿದ್ದೀಯ ಮಾರಾಯ."

ನಿಜ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಟೂರ್ನಿ ಶುರು ಮಾಡಿದ ಮೇಲೆ ಹುಟ್ಟಿ ಬೆಳೆದವನು ನಾನು. ಕೋಲು ಕೈಗೆ ಬಂದರೆ ಬಲಭುಜ ತಾನೇ ಮುಂದೆ ನುಗ್ಗುತ್ತೆ. ಗಾಲ್ಫ್‌ನಲ್ಲಿ ಆ ಭುಜ ಮೊದಲು ನುಗ್ಗಿದರೆ ಕ್ಲಬ್, ಅಂದ್ರೆ ಗಾಲ್ಫ್ ಕೋಲು, ಹೊರಗಿನಿಂದ ಒಳಗೆ, ಚೆಂಡಿನ ಆಚೆಯಿಂದ ನನ್ನ ಕಡೆಗೆ ಕೊಯ್ದುಕೊಂಡು ಬರುತ್ತೆ. ಆ ದಾರಿಗೆ ಹೋಲಿಸಿದರೆ ಕ್ಲಬ್‌ನ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೇ ಬಾಗುತ್ತೆ.

ಸರಿಯಾದ ದಾರಿ ಯಾವುದು? ಮೇಜರ್ ಅನ್ನೋ ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳನ್ನ ಒಂಬತ್ತು ಸಲ ಗೆದ್ದ ಅಮೆರಿಕದ ಬೆನ್ ಹೋಗನ್ 1957ರಲ್ಲಿ ಒಂದು ಕಲ್ಪನೆ ಕೊಟ್ಟರು. ಚೆಂಡಿನಿಂದ ನಿಮ್ಮ ಭುಜದವರೆಗೆ ಒಂದು ದೊಡ್ಡ ಗಾಜು ಒರಗಿದೆ, ಅದರ ತೂತಿನಿಂದ ನಿಮ್ಮ ತಲೆ ಮಾತ್ರ ಹೊರಗಿದೆ. ಕ್ಲಬ್ ಮೇಲೆತ್ತುವಾಗ ತೋಳು ಆ ಗಾಜನ್ನ ಒಡೀಬಾರದು.

ನನಗೆ ಗಾಜು ತಲೆಗೆ ಹತ್ತಲಿಲ್ಲ. ನಮ್ಮನೆ ಹಂಚಿನ ಮಾಡು ಹತ್ತಿತು. ಮಳೆಗಾಲಕ್ಕೆ ಮುಂಚೆ ಅಟ್ಟ ಹತ್ತಿ, ಒಂದು ಹಂಚು ಸರಿಸಿ ತಲೆ ಹೊರಗೆ ಹಾಕ್ತೀವಲ್ಲ, ಹಾಗೇ. ಸೂರಿನ ಅಂಚು ಚೆಂಡಿನ ಹತ್ತಿರ, ಇಳಿಜಾರು ಭುಜದ ಮೇಲೆ. ಕೈ ಮಾಡಿನ ಕೆಳಗೇ ಓಡಾಡಬೇಕು. ದೂರ ಹೊಡೆಯೋ ಕ್ಲಬ್ಬಾದ ಡ್ರೈವರ್ ಸುಮಾರು 45 ಇಂಚು ಉದ್ದ, ಚೆಂಡಿನಿಂದ ದೂರ ನಿಲ್ತೀವಿ, ಮಾಡು ಚಪ್ಪಟೆ. ಏಳನೇ ನಂಬರ್ ಐರನ್ ಅನ್ನೋ ಗಿಡ್ಡ ಕ್ಲಬ್ ಸುಮಾರು 37 ಇಂಚು, ಹತ್ತಿರ ನಿಲ್ತೀವಿ, ಮಾಡು ಕಡಿದು. ಅಂದರೆ ಒಬ್ಬನಿಗೇ ಕ್ಲಬ್‌ಗೊಂದು ಮಾಡು.

ಈಗ ನಾನಿರೋದು ಕಾಫಿ ಒಣಗಿಸೋ ಕಣದಲ್ಲಿ. ಕೊಯ್ಲು ಮುಗಿದಿದೆ, ಖಾಲಿ. ಸಿಮೆಂಟು ನೆಲ, ಹಾಗಾಗಿ ಚೆಂಡಿಲ್ಲ, ನಿಧಾನದ ಸ್ವಿಂಗ್, ಅಂದ್ರೆ ಕ್ಲಬ್ ಬೀಸೋದು ಮಾತ್ರ. ಹಿಡಿಯ ತುದಿಯ ಸಣ್ಣ ತೂತಿಗೆ ಒಂದು ಟೀ, ಅಂದ್ರೆ ಚೆಂಡು ಕೂರಿಸೋ ಸಣ್ಣ ಗೂಟ, ಸಿಕ್ಕಿಸಿದ್ದೀನಿ, ನೋಡಿ. ಎಡತೋಳು ನೆಲಕ್ಕೆ ಸಮವಾದಾಗ ನಿಲ್ಲಿಸ್ತೀನಿ. ಟೀ ಚೆಂಡಿನಿಂದ ಗುರಿಗೆ ಹೋಗೋ ಗೆರೆಯ ಕಡೆ ತೋರಿಸಿದರೆ ಸರಿ. ನನ್ನ ಕಾಲ್ಬೆರಳಿನ ಕಡೆ ತೋರಿಸಿದರೆ ಕ್ಲಬ್ ತುಂಬಾ ನೆಟ್ಟಗಾಗಿದೆ. ಗೆರೆ ದಾಟಿ ಆಚೆ ಹೋದರೆ ತುಂಬಾ ಚಪ್ಪಟೆ. ಮೊದಲ ದಿನ ನನ್ನ ಟೀ ಬೂಟನ್ನೇ ತೋರಿಸ್ತಿತ್ತು.

ಇಳಿಸೋದು ಕಷ್ಟದ ಭಾಗ. ಅದಕ್ಕೆ ಕಣ ಬಿಟ್ಟು ಹುಲ್ಲಿನ ಮೇಲೆ, ಚೆಂಡಿನ ಆಚೆ ಬದಿಗೆ ನಾಲ್ಕು ಬೆರಳು ಬಿಟ್ಟು ಚಪ್ಪಲಿ ಅಂಗಡಿಯ ಖಾಲಿ ಪೆಟ್ಟಿಗೆ ಇಟ್ಟಿದ್ದೀನಿ. ಭುಜ ಮೊದಲು ಬಂದರೆ ಪೆಟ್ಟಿಗೆ ಹಾರುತ್ತೆ. ಸೊಂಟ ಮೊದಲು ತಿರುಗಿ ಕೈ ಹಿಂದೆ ಬಂದರೆ ಅದು ಅಲ್ಲೇ ಇರುತ್ತೆ. ಬೇರೆ ಯಾರೂ ಬೈಯೋದು ಬೇಕಿಲ್ಲ, ಪೆಟ್ಟಿಗೆ ಸಾಕು.

ಇನ್ನೊಂದು ಕೊಡಗಿನ ಕಷ್ಟ ಇದೆ. ಇಲ್ಲಿ ಸಮತಟ್ಟು ಜಾಗ ಎಲ್ಲಿದೆ ಹೇಳಿ? ಚೆಂಡು ಕಾಲಿಗಿಂತ ಮೇಲಿದ್ದರೆ ಮಾಡು ಚಪ್ಪಟೆಯಾಗುತ್ತೆ, ನನ್ನಂಥ ಬಲಗೈಯವರ ಚೆಂಡು ಎಡಕ್ಕೆ ಎಳೆಯುತ್ತೆ. ಹಿಡಿಯನ್ನ ಸ್ವಲ್ಪ ಕೆಳಗೆ ಹಿಡಿದು ಗುರಿಯ ಬಲಕ್ಕೆ ನೋಡಬೇಕು. ಚೆಂಡು ಕಾಲಿಗಿಂತ ಕೆಳಗಿದ್ದರೆ ಮಾಡು ಕಡಿದು, ಚೆಂಡು ಬಲಕ್ಕೆ. ನನ್ನ ಸ್ಲೈಸ್ ಅದಕ್ಕೆ ಸೇರಿದರೆ ಚೆಂಡಿನ ಆಸೆ ಅಲ್ಲೇ ಬಿಡಬೇಕು.

ಸರಿ, ಈ ಸಂಜೆಯ ಇಪ್ಪತ್ತು ಹೊಡೆತ. ಪೆಟ್ಟಿಗೆ ಹಾರಿದ್ದು ಏಳು ಸಲ. ಕ್ಯಾಮೆರಾ ಇಲ್ಲೇ ಇರಲಿ, ಚೆಂಡು ಹುಡುಕಿ ಬರ್ತೀನಿ.