ತಾತನ ಮೆಡಲ್ ಅಂಚಿನಲ್ಲಿ ಏನು ಬರೆದಿದೆ?

(ಪರದೆ ಮೇಲೆ: ಅಂಗೈಯಲ್ಲಿ ಕಪ್ಪಾದ ಒಂದು ಬಿಲ್ಲೆ)

ನಮಸ್ಕಾರ. ಹೋದ ತಿಂಗಳು ಮಂಡ್ಯದ ಪೇಟೆಬೀದಿಯಲ್ಲಿ ಒಂದು ಬೆಳ್ಳಿ ಅಂಗಡಿಯಲ್ಲಿ ಕೂತಿದ್ದೆ, ತಂಗಿಯ ಕಾಲ್ಗೆಜ್ಜೆ ರಿಪೇರಿಗೆ. ಪಕ್ಕದಲ್ಲಿ ಒಬ್ಬರು ಅಜ್ಜಿ ಸೆರಗಿನ ಗಂಟು ಬಿಚ್ಚಿ ಈ ಥರದ್ದೇ ಒಂದು ಬಿಲ್ಲೆ ತೆಗೆದು ಕೌಂಟರ್ ಮೇಲಿಟ್ಟರು. "ಹಳೇ ಬೆಳ್ಳಿ ಕಣಪ್ಪ, ಎಷ್ಟು ಬರುತ್ತೆ ನೋಡು" ಅಂದರು. ಅಂಗಡಿಯವರು ಅದನ್ನು ಉಜ್ಜಿ ನೋಡಿ ತಕ್ಕಡಿಗೆ ಹಾಕಿಯೇಬಿಟ್ಟರು. ನಾನು ಬಾಯಿ ತಡೆಯಲಾರದೆ, ಒಂದು ನಿಮಿಷ ಕೊಡಿ ಅಂತ ಇಸ್ಕೊಂಡು ಅಂಚು ತಿರುಗಿಸಿದೆ. ಸಣ್ಣ ಇಂಗ್ಲಿಷ್ ಅಕ್ಷರ. ಒಂದು ನಂಬರ್, ಆಮೇಲೆ 'ಸೋವಾರ್' (ಕುದುರೆ ಪಡೆಯ ಸಿಪಾಯಿ), ಆಮೇಲೆ ಒಂದು ಹೆಸರು, ಕೊನೆಗೆ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಅನ್ನೋದರ ಗಿಡ್ಡ ರೂಪ. ಹೆಸರು ಓದಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮ ಮಾವನ ಅಪ್ಪನ ಹೆಸರು" ಅಂತ ಬಿಲ್ಲೆಯನ್ನು ವಾಪಸ್ ಗಂಟು ಕಟ್ಟಿಕೊಂಡರು.

ಅಂಗಡಿಯವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ನೀವು ಯಾರ ಮನೆಯಲ್ಲಾದರೂ ಹಳೇ ಮೆಡಲ್ ನೋಡಿದರೆ ಮೊದಲು ಮುಖ ನೋಡುತ್ತೀರ, ಅಲ್ವಾ? ರಾಜನ ತಲೆಯೋ, ಸಿಂಹವೋ, ಅಶೋಕ ಸ್ತಂಭವೋ ಇರುತ್ತೆ. ಮುಖದ ಮೇಲಿರೋದು ಕೊಟ್ಟವರ ಕಥೆ. ತಗೊಂಡವನ ಕಥೆ ಏನಾದರೂ ಇದ್ದರೆ ಅಂಚಿನಲ್ಲಿ ಇರುತ್ತೆ. ಇದಕ್ಕೆ ಒಳ್ಳೇ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ.

(ಪರದೆ ಮೇಲೆ: ಶ್ರೀರಂಗಪಟ್ಟಣ ಕೋಟೆ, ಗೋಡೆ ಒಡೆದ ಜಾಗದ ಹತ್ತಿರದ ಸ್ಮಾರಕ ಕಂಬ)

1799ರ ಮೇ 4. ಬೇಸಿಗೆ, ಕಾವೇರಿಯಲ್ಲಿ ನೀರು ಕಡಿಮೆ. ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಇಂಗ್ಲಿಷರ ಸೈನ್ಯ ಹೊಳೆ ದಾಟಿ, ಫಿರಂಗಿಯಿಂದ ಒಡೆದಿದ್ದ ಗೋಡೆ ಹತ್ತಿ ಒಳಗೆ ನುಗ್ಗಿತು. ಟಿಪ್ಪು ಸತ್ತದ್ದು ಅವತ್ತೇ. ಇದಕ್ಕೆ ಈಸ್ಟ್ ಇಂಡಿಯಾ ಕಂಪನಿ ಒಂದು ಮೆಡಲ್ ಮಾಡಿಸಿತು, ಸೆರಿಂಗಪಟಂ ಮೆಡಲ್ ಅಂತ. ಅಚ್ಚು ಕೊರೆದವನು ಕುಕ್ಲರ್, ಅದನ್ನು ಹೊಡೆದದ್ದು ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ. ಸೈನಿಕರ ಕೈಗೆ ಬಂದದ್ದು 1808ರಲ್ಲಿ. ಒಂಬತ್ತು ವರ್ಷ! ಅಷ್ಟರಲ್ಲಿ ಎಷ್ಟು ಜನ ಬದುಕಿದ್ದರೋ.

ಒಂದು ಮುಖದಲ್ಲಿ ಕೋಟೆಗೆ ನುಗ್ಗುತ್ತಿರೋ ಸೈನ್ಯ, ಮೇಲೆ ನೆತ್ತಿ ಮೇಲಿನ ಸೂರ್ಯ. ಹೊತ್ತು ಮಧ್ಯಾಹ್ನ ಅಂತ ತೋರಿಸೋಕೆ ಹಾಕಿದ್ದು ಅದು. ಇನ್ನೊಂದು ಮುಖ ನೋಡಿ. ಸಿಂಹವೊಂದು ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಸಿಂಹ ಇಂಗ್ಲಿಷರದ್ದು, ಹುಲಿ ಯಾರದ್ದು ಅಂತ ಹೇಳಬೇಕಾಗಿಲ್ಲ. ಆದರೆ ನಿಜವಾದ ಚುಚ್ಚು ಇರೋದು ಸಿಂಹದ ಮೇಲಿನ ಬಾವುಟದಲ್ಲಿ. ಅಲ್ಲಿ ಅರಬ್ಬಿಯಲ್ಲಿ 'ಅಸದುಲ್ಲಾಹ್ ಅಲ್ ಗಾಲಿಬ್' ಅಂತ ಬರೆದಿದೆ, ದೇವರ ಸಿಂಹವೇ ಗೆಲ್ಲೋದು ಅಂತ ಅರ್ಥ. ಈ ಮಾತು ಟಿಪ್ಪುವಿನದೇ! ತನ್ನ ಆಯುಧಗಳ ಮೇಲೆ, ಬಾವುಟದ ಮೇಲೆ ಇದೇ ಅಕ್ಷರಗಳನ್ನು ಹುಲಿ ಮುಖದ ಆಕಾರದಲ್ಲಿ ಬರೆಸುತ್ತಿದ್ದ. ಸೋತವನ ಘೋಷಣೆಯನ್ನೇ ಎತ್ತಿಕೊಂಡು, ಅವನ ಹುಲಿಯನ್ನು ತುಳಿಯೋ ಸಿಂಹದ ತಲೆ ಮೇಲೆ ಹಾಕಿದ್ದಾರೆ. ಕುಹಕ ಅಂದರೆ ಹೀಗಿರಬೇಕು.

ದೊಡ್ಡ ಅಧಿಕಾರಿಗಳಿಗೆ ಚಿನ್ನ. ಅವರ ಕೆಳಗಿನವರಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಆಮೇಲೆ ಕಂಚು. ಗೋಡೆ ಹತ್ತಿದ ಸಾಮಾನ್ಯ ಸಿಪಾಯಿಗೆ? ತವರ. ನಮ್ಮ ಕಡೆ ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಅದೇ ತವರ. ಟಂಕಸಾಲೆಯಿಂದ ಬಂದ ಮೆಡಲಿನ ಅಂಚಿನಲ್ಲಿ ಹೆಸರಂತೂ ಯಾರದ್ದೂ ಇಲ್ಲ.

(ಪರದೆ ಮೇಲೆ: ದಸರಾ ಮೆರವಣಿಗೆಯ ಕುದುರೆ ಸಾಲು)

ಈಗ ಅಜ್ಜಿಯ ಬಿಲ್ಲೆಗೆ ಬರೋಣ. ಅದರ ಮೇಲಿದ್ದ ಲ್ಯಾನ್ಸರ್ಸ್ ಅಂದರೆ ಮೈಸೂರು ಮಹಾರಾಜರ ಕುದುರೆ ಪಡೆ. ಮೊದಲನೇ ಮಹಾಯುದ್ಧ ಶುರುವಾದಾಗ, 1914ರಲ್ಲಿ, ಅದು ಹಡಗು ಹತ್ತಿ ಈಜಿಪ್ಟಿಗೆ ಹೋಯಿತು, ಸೂಯೆಜ್ ಕಾಲುವೆ ಕಾಯೋಕೆ. ನಾಲ್ಕು ವರ್ಷ ಆದಮೇಲೆ, 1918ರ ಸೆಪ್ಟೆಂಬರ್ 23ರಂದು, ಹೈಫಾ. ಇವತ್ತು ಇಸ್ರೇಲಿನಲ್ಲಿರೋ ಬಂದರು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ, ಬೆಟ್ಟದ ಮೇಲೆ ತುರ್ಕರ ಫಿರಂಗಿ. ಜೋಧಪುರದ ಸವಾರರು ನೇರ ಊರಿಗೆ ನುಗ್ಗಿದರೆ ಮೈಸೂರಿನವರ ಒಂದು ತುಕಡಿ ಆ ಬೆಟ್ಟ ಹತ್ತಿ ಫಿರಂಗಿ ಬಾಯಿ ಮುಚ್ಚಿಸಿತು. ಕೈಯಲ್ಲಿದ್ದದ್ದು ಭರ್ಜಿ, ಕತ್ತಿ. ಎದುರಿಗಿದ್ದದ್ದು ಮೆಷಿನ್‌ಗನ್. ಸಂಜೆಯೊಳಗೆ 1350 ಜನ ಸೆರೆ, 17 ಫಿರಂಗಿ ವಶ. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರೋ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು, ಇನ್ನಿಬ್ಬರು ಹೈದರಾಬಾದ್, ಜೋಧಪುರದವರು. ದಿಲ್ಲಿಗೆ ಹೋದವರು ಅದನ್ನು ಸರ್ಕಲ್ ಅಂದುಕೊಂಡು ಸುತ್ತು ಹಾಕಿ ಬರ್ತಾರೆ ಅಷ್ಟೇ.

ಮೊದಲಿನಿಂದ ಇದ್ದವರಿಗೆ ಸಾಮಾನ್ಯವಾಗಿ ಮೂರು ಮೆಡಲ್ ಸಿಕ್ಕಿವೆ. ಒಂದು 1914-15ರ ಸ್ಟಾರ್. ಎರಡನೆಯದು ಬ್ರಿಟಿಷ್ ವಾರ್ ಮೆಡಲ್, ಅದು ಬೆಳ್ಳಿ. ಮೂರನೆಯದು ರೆಕ್ಕೆಯ ದೇವತೆ ಇರೋ ವಿಕ್ಟರಿ ಮೆಡಲ್, ಅದು ಕಂಚು, ರಿಬ್ಬನ್ ಕಾಮನಬಿಲ್ಲಿನ ಬಣ್ಣ. ಮೂರರಲ್ಲೂ ಹೆಸರು ಒತ್ತಿದ್ದಾರೆ, ಸ್ಟಾರ್‌ನಲ್ಲಿ ಮಾತ್ರ ಹಿಂಬದಿಗೆ. ಕೂಲಿ ತುಕಡಿಗಳಲ್ಲಿ ದುಡಿದ ತುಂಬ ಜನಕ್ಕೆ ವಾರ್ ಮೆಡಲನ್ನೂ ಕಂಚಿನಲ್ಲೇ ಕೊಟ್ಟರು, ಅಲ್ಲೂ ತಾರತಮ್ಯ. ಎಷ್ಟೋ ಮನೆಗಳಲ್ಲಿ ಕಂಚಿನದು ಉಳಿದಿರುತ್ತೆ, ಬೆಳ್ಳಿಯದು ಇರೋಲ್ಲ. ಯಾಕೆ ಅಂತ ಆ ತಕ್ಕಡಿ ನೋಡಿದ ಮೇಲೆ ನಿಮಗೇ ಗೊತ್ತಾಗಿರುತ್ತೆ. 1980ರ ಆಸುಪಾಸಿನಲ್ಲಿ ಬೆಳ್ಳಿ ರೇಟು ಒಂದೇ ಸಮ ಏರಿದಾಗ ಪ್ರಪಂಚದಲ್ಲೆಲ್ಲ ಇಂಥ ಮೆಡಲ್‌ಗಳು ಕರಗಿಹೋದವು.

ನಿಮ್ಮ ಮನೆಯಲ್ಲಿ ಇದ್ದರೆ ಒಂದು ಮಾತು ಕೇಳಿ: ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಪಾಲಿಷ್ ಬೇಡ. ಹೊಳೆಯುತ್ತೆ ನಿಜ, ಆದರೆ ಪ್ರತಿ ಸಲ ತಿಕ್ಕಿದಾಗಲೂ ಅಂಚಿನ ಅಕ್ಷರ ಸವೆಯುತ್ತೆ.

ಸ್ವಾತಂತ್ರ್ಯ ಬಂದಮೇಲಿನ ಯುದ್ಧದ ಮೆಡಲ್‌ಗಳಿಗೆ ಒಂದು ಸುಲಭ ಲೆಕ್ಕ ಇದೆ. ನಿಜವಾಗಿ ಯುದ್ಧ ನಡೆದ ಜಾಗದಲ್ಲಿ ಇದ್ದವರಿಗೆ ಸ್ಟಾರ್, ಅದೇ ಹೊತ್ತಿನಲ್ಲಿ ಬೇರೆ ಕಡೆ ಸಜ್ಜಾಗಿ ಇದ್ದವರಿಗೆ ಮೆಡಲ್. 1965ಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. 1971ಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್, ಆಪರೇಷನ್ ವಿಜಯ್ ಮೆಡಲ್. ಇವು ಶೌರ್ಯ ಪ್ರಶಸ್ತಿ ಅಲ್ಲ, ಪರಮವೀರ ಚಕ್ರದ ಥರ ಅಲ್ಲ. 'ನಾನು ಅಲ್ಲಿದ್ದೆ' ಅನ್ನೋದಕ್ಕೆ ಗುರುತು, ಅಷ್ಟೇ. ಅಷ್ಟೇ ಅಂದುಬಿಟ್ಟೆ, ಸಿಯಾಚಿನ್ ಮೆಡಲ್ ಹಾಕಿಕೊಂಡವರ ಎದುರು ಹಾಗನ್ನಬೇಡಿ.

(ಪರದೆ ಮೇಲೆ: ತುಂಬಿ ಹರಿಯುತ್ತಿರುವ ನಾಲೆ)

ಇನ್ನೊಂದು ಬಗೆಯ ಪದಕ ಇದೆ, ಅದರಲ್ಲಿ ಶತ್ರುವೇ ಇಲ್ಲ. ಜೀವ ಉಳಿಸಿದ್ದಕ್ಕೆ ಕೊಡೋದು. ಇಂಗ್ಲೆಂಡಿನಲ್ಲಿ 1866ರಲ್ಲಿ ಆಲ್ಬರ್ಟ್ ಮೆಡಲ್ ಬಂತು, ಮೊದಲು ಸಮುದ್ರದಲ್ಲಿ ಮುಳುಗೋರನ್ನು ಕಾಪಾಡಿದವರಿಗೆ ಮಾತ್ರ. 1907ರಲ್ಲಿ ಗಣಿ ಕೆಲಸದವರಿಗೆ ಎಡ್ವರ್ಡ್ ಮೆಡಲ್. ನಮ್ಮಲ್ಲಿ 1961ರಿಂದ ಜೀವನ್ ರಕ್ಷಾ ಪದಕ, ಸರ್ವೋತ್ತಮ, ಉತ್ತಮ ಅಂತ ಮೇಲೆ ಇನ್ನೆರಡು ದರ್ಜೆ. ಇದರ ಮುಖ ನನಗೆ ತುಂಬ ಇಷ್ಟ. ಸಿಂಹ ಇಲ್ಲ, ಕತ್ತಿ ಇಲ್ಲ. ಅಭಯ ಮುದ್ರೆಯಲ್ಲಿ ಎತ್ತಿದ ಒಂದು ಕೈ, ಮೇಲೆ 'ಮಾ ಭೈಷೀಃ', ಹೆದರಬೇಡ ಅಂತ.

ಗಂಡಸು, ಹೆಂಗಸು, ಮಕ್ಕಳು, ಯಾರಿಗೆ ಬೇಕಾದರೂ ಕೊಡಬಹುದು. ನೀರು, ಬೆಂಕಿ, ಕರೆಂಟು, ಭೂಕುಸಿತ, ಪ್ರಾಣಿ ದಾಳಿ ಎಲ್ಲ ಲೆಕ್ಕಕ್ಕೆ ಬರುತ್ತೆ. ಸೈನಿಕರಿಗೂ ಸಿಗುತ್ತೆ, ಆದರೆ ಡ್ಯೂಟಿ ಮೇಲೆ ಮಾಡಿದ ಕೆಲಸಕ್ಕಲ್ಲ. ಅಂದರೆ ರಜೆಗೆ ಬಂದ ಯೋಧ ಯಾರನ್ನಾದರೂ ಉಳಿಸೋಕೆ ನಮ್ಮ ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, ಹಾರಿದರೆ ಲೆಕ್ಕಕ್ಕೆ ಬರುತ್ತೆ. ನಾಲೆ ಅಂದರೆ ಏನು ಅಂತ ಮಂಡ್ಯದವರಿಗೆ ಹೇಳಬೇಕಾ? 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ಬಿದ್ದು 30 ಜನ ಹೋದ ನಾಲೆ ಅದೇ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಹವಾಲ್ದಾರ್ ಇದ್ದಾರೆ, ನಾವೆಲ್ಲ ಮಿಲಿಟ್ರಿ ಅಣ್ಣ ಅಂತೀವಿ. ಸರ್ವಿಸಿನಲ್ಲಿದ್ದಾಗ ಯುಗಾದಿಗೆ ಬಂದವರು ನಾಲೆಗೆ ಹಾರಿ ಇಬ್ಬರು ಹುಡುಗರನ್ನು ಎಳೆದು ಹಾಕಿದ್ದರು. ಈ ವಿಡಿಯೋಗೆ ಅವರ ಮೆಡಲ್ ಸಾಲು ತೋರಿಸಿ ಅಂತ ಹೋದೆ. ಸಿಯಾಚಿನ್ ಇತ್ತು, ವಿಜಯ್ ಇತ್ತು, ಒಂದರ ಅಂಚಿನಲ್ಲಿ ಅವರ ಹೆಸರಿನ ಸ್ಪೆಲಿಂಗೇ ತಪ್ಪಿತ್ತು. ನಾಲೆಯದ್ದು ಇರಲಿಲ್ಲ. "ಯಾರೋ ಅರ್ಜಿ ಬರೀತೀವಿ ಅಂದಿದ್ರು ಕಣೋ, ಆಮೇಲೆ ನನಗೂ ರಜೆ ಮುಗೀತು" ಅಂದರು.

ಘಟನೆ ನಡೆದು ಎರಡು ವರ್ಷದೊಳಗೆ ಶಿಫಾರಸು ಹೋಗಬೇಕು. ಅದು ಜಿಲ್ಲಾಡಳಿತದಿಂದ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗುತ್ತೆ. ಹೆಸರುಗಳು ಹೊರಬೀಳೋದು ಗಣರಾಜ್ಯೋತ್ಸವದ ಹೊತ್ತಿಗೆ. ನಿಮ್ಮೂರಲ್ಲಿ ಹೀಗೆ ಯಾರಾದರೂ ಹಾರಿದ್ದರೆ ತಾರೀಕು, ಜಾಗ, ಕಣ್ಣಲ್ಲಿ ನೋಡಿದವರ ಹೆಸರು, ಉಳಿದವರ ಹೇಳಿಕೆ, ಪೇಪರಲ್ಲಿ ಬಂದಿದ್ದರೆ ಆ ಕಟಿಂಗ್, ಇಷ್ಟು ಸೇರಿಸಿ ಡಿಸಿ ಆಫೀಸಿಗೆ ಕೊಡಿ. ಹಾರಿದವರು ತಾವಾಗಿ ಹೋಗಿ ಕೇಳೋಲ್ಲ, ನೀವೇ ಬರೆಯಬೇಕು. ಹೆಸರಿನ ಸ್ಪೆಲಿಂಗ್ ಆಧಾರ್ ನೋಡಿಕೊಂಡು ಬರೆಯಿರಿ.